ಬಳೆಯ ಬಣ್ಣ ಕಾಣದಷ್ಟು ಬೆಳಕು

ನಾನು ಕೂಡಿಸಿಕೊಟ್ಟ ಕಂಪ್ಯೂಟರ್ ಪರದೆಯ ಮೇಲೆ ಕಪ್ಪು ಬಟ್ಟೆ ಹೊದಿಸಿದ್ದಾರೆ ಅಂತ ಗೊತ್ತಾದಾಗ ನನಗೆ ಮೊದಲು ಬಂದದ್ದು ಸಿಟ್ಟು. ನಾಚಿಕೆ ಬರಲು ಇನ್ನೂ ಒಂದು ಗಂಟೆ ಹಿಡಿಯಿತು. ಆ ಒಂದು ಗಂಟೆಯಲ್ಲಿ ಯಾರ್ಯಾರನ್ನೋ ಮನಸ್ಸಿನಲ್ಲೇ ಬೈದುಕೊಂಡಿದ್ದೆ. ಅವರೆಲ್ಲರ ಕ್ಷಮೆ ಕೇಳುವ ಹಾಗೆ ಇದನ್ನು ಮೊದಲಿನಿಂದ ಹೇಳುತ್ತೇನೆ.

ಜಂಗಮಕೋಟೆ ಕಡೆಯ ಒಂದು ಚಾಕಿ ಕೇಂದ್ರದ ಕೆಲಸ ಅದು. ರೇಷ್ಮೆ ಮೊಟ್ಟೆ ತರಿಸಿ, ಹುಳು ಹೊರಡಿಸಿ, ಎರಡನೇ ಜ್ವರ, ಅಂದರೆ ಎರಡನೇ ಸಲ ಪೊರೆ ಬಿಡುವುದು, ಮುಗಿಯುವವರೆಗೆ ಸಾಕಿ ರೈತರಿಗೆ ಕೊಡುವ ಜಾಗ. ಮೊಟ್ಟೆ ಇಡುವ ಕೋಣೆಯ ಶಾಖ, ತೇವ ಎರಡೂ ಹದವಾಗಿರಬೇಕು. ಅದನ್ನು ಅಳೆಯುವ ಉಪಕರಣವನ್ನೂ ಅದಕ್ಕೊಂದು ಅಂಗೈಯಗಲದ ಕಂಪ್ಯೂಟರನ್ನೂ ಅಲ್ಲಿ ಕೂಡಿಸಿದ್ದು ನಾನು. ಅದು ನಿಮಿಷಕ್ಕೊಂದು ಸಾಲು ಬರೆಯುತ್ತದೆ: ಹೊತ್ತು, ಶಾಖ, ತೇವ, ಕೊನೆಗೆ ಸರಿಯೋ ಇಲ್ಲವೋ ಎಂಬ ಒಂದು ಮಾತು. ಸರಿಯಿದ್ದರೆ ಹಸಿರು, ಎಚ್ಚರಿಕೆಗೆ ಹಳದಿ, ಕೆಟ್ಟರೆ ಕೆಂಪು. ಕಂಪ್ಯೂಟರ್ ಕೆಲಸದವರು ಟರ್ಮಿನಲ್ ಅನ್ನುವ ಕಪ್ಪು ಕಿಟಕಿಯಲ್ಲಿ ಆ ಸಾಲುಗಳು ಉರುಳುತ್ತಾ ಹೋಗುತ್ತವೆ. ಅದೇ ಸಾಲುಗಳನ್ನು ಹಾಗೇ ಒಂದು ವೆಬ್ ಪುಟಕ್ಕೆ ಹಾಕಿದ್ದೆ. ಮಾಲೀಕರ ಫೋನಿನಲ್ಲೂ ಅದೇ ಪುಟ, ಮೊಟ್ಟೆ ಕೋಣೆಯ ಗೋಡೆಗೆ ತಗುಲಿಸಿದ ಪರದೆಯಲ್ಲೂ ಅದೇ ಪುಟ.

ಮೊದಲ ತಕರಾರು ಮಾಲೀಕರಿಂದ ಬಂತು. ಅವರು ದಿನದ ಅರ್ಧ ಹಿಪ್ಪುನೇರಳೆ ತೋಟದಲ್ಲಿರುವವರು.

"ಏನಮ್ಮಾ ಇದು, ಬಿಸ್ಲಲ್ಲಿ ನೋಡಿದ್ರೆ ನನ್ ಮುಖಾನೇ ಕಾಣ್ತದೆ. ನನ್ ಮೀಸೆ ನೋಡಕ್ಕೆ ನಿಮ್ ಮಿಷನ್ ಬೇಕಾ?"

ಸರಿಯಾದ ಮಾತೇ. ಬಿಸಿಲಿನಲ್ಲಿ ಕಪ್ಪು ಪುಟ ಕನ್ನಡಿಯಾಗುತ್ತದೆ. ಬಿಳಿ ಪುಟ ಮಾಡಲು ಕೂತೆ. ಆದರೆ ಟರ್ಮಿನಲ್ಲಿನ ಹದಿನಾರು ಬಣ್ಣಗಳನ್ನು ಆರಿಸಿದ್ದೇ ಕಪ್ಪು ಹಿನ್ನೆಲೆಗಾಗಿ. ಅವನ್ನು ಹಾಗೇ ಬಿಳಿಗೆ ತಂದರೆ ಎಚ್ಚರಿಕೆಯ ಹಳದಿ ಸಾಲು ಇದ್ದೂ ಇಲ್ಲದಂತಾಗುತ್ತದೆ. ಎರಡು ಬಣ್ಣಗಳ ನಡುವಿನ ಅಂತರ ಅಳೆಯಲು ಒಂದು ಸೂತ್ರವಿದೆ. ಕಪ್ಪು ಬಿಳಿಯ ನಡುವೆ ಇಪ್ಪತ್ತೊಂದು, ಒಂದೇ ಬಣ್ಣದ ಮೇಲೆ ಅದೇ ಬಣ್ಣ ಬರೆದರೆ ಒಂದು. ಸಣ್ಣ ಅಕ್ಷರವನ್ನು ಕಣ್ಣು ಕಿರಿದು ಮಾಡದೆ ಓದಬೇಕಾದರೆ ಕನಿಷ್ಠ ನಾಲ್ಕೂವರೆ ಇರಬೇಕು. ಬಿಳಿಯ ಮೇಲೆ ಅಚ್ಚ ಹಳದಿಗೆ ಸಿಗುವುದು ಒಂದಕ್ಕಿಂತ ಕೂದಲೆಳೆಯಷ್ಟು ಹೆಚ್ಚು, ಅಷ್ಟೇ.

ಮೂರು ದಿನ ಪಟ್ಟು ಹಿಡಿದು ಕೂತೆ. ಹಳದಿಯನ್ನು ಇಳಿಸಿ ಇಳಿಸಿ ಕಂದುಬಣ್ಣಕ್ಕೆ ತಂದೆ. ಹಸಿರನ್ನು ಬಲಿತ ಎಲೆಯ ಬಣ್ಣಕ್ಕೆ ಕಪ್ಪಾಗಿಸಿದೆ. ಕೆಂಪನ್ನು ಒಂದು ಮೆಟ್ಟಿಲು ಕೆಳಗಿಳಿಸಿದೆ. ಹದಿನಾರಕ್ಕೆ ಹದಿನಾರೂ ಪಾಸಾದವು, ಎಲ್ಲವೂ ಏಳರ ಮೇಲೆ. ಮಾಲೀಕರು ತೋಟದ ನಡುವೆ ನಿಂತು ಓದಿ, "ಈಗ ಸರಿ ನೋಡಮ್ಮ," ಅಂದರು. ನಾನು ಉಬ್ಬಿಹೋದೆ.

ಅದೇ ಉಬ್ಬಿನಲ್ಲಿ ಮೊಟ್ಟೆ ಕೋಣೆಯ ಪರದೆಗೂ ಆ ಬಿಳಿ ಪುಟವನ್ನೇ ಹಾಕಿದೆ. ಒಂದು ತಂಡದ ಹುಳು ಹೋಗಿ, ಮುಂದಿನ ಮೊಟ್ಟೆ ಬರುವ ಮೊದಲು ಕೋಣೆ ತೊಳೆದು ಆರಲು ಬಿಟ್ಟಿದ್ದ ದಿನ ಅದು. ಕಿಟಕಿ ತೆರೆದಿತ್ತು, ಟ್ಯೂಬ್‌ಲೈಟ್ ಉರಿಯುತ್ತಿತ್ತು. ಆ ಕೋಣೆಯನ್ನು ಹದಿನೆಂಟು ವರ್ಷದಿಂದ ನೋಡಿಕೊಂಡಿದ್ದ ಹೆಂಗಸು ಬಾಗಿಲಲ್ಲಿ ನಿಂತಿದ್ದರು. ಕೆಂಚಾರ್ಲಹಳ್ಳಿಯಿಂದ ಮದುವೆಯಾಗಿ ಬಂದವರು, ಎಲ್ಲರಿಗೂ ಅಕ್ಕ. ಕೋಣೆಯ ಬೀಗದಕೈ ಸದಾ ಅವರ ಸೆರಗಿನ ತುದಿಯ ಗಂಟಿನಲ್ಲಿ.

"ಮೊಟ್ಟೆ ಇದ್ದಾಗ ಒಂದ್ ಸಲ ಬಂದ್ ನೋಡಿ ಮೇಡಂ," ಅಂದರು.

"ಲೆಕ್ಕ ಹಾಕೇ ಮಾಡಿದೀನಿ ಅಕ್ಕ, ಏನೂ ಆಗಲ್ಲ," ಅಂದು ಬ್ಯಾಗು ಏರಿಸಿಕೊಂಡು ಹೊರಟೆ. ಶಿಡ್ಲಘಟ್ಟದ ಬಸ್ಸಿಗೆ ಹೊತ್ತಾಗಿತ್ತು.

ಮೊಟ್ಟೆ ಬಂದ ಮೇಲೆ ಏನಾಗುತ್ತದೆ ಅಂತ ಇದೇ ಸೀಮೆಯಲ್ಲಿ ಹುಟ್ಟಿದ ನನಗೆ ಗೊತ್ತಿರಬೇಕಿತ್ತು. ಕೇಳಿ ಗೊತ್ತಿತ್ತು, ತಲೆಗೆ ಹೋಗಿರಲಿಲ್ಲ. ಮೊಟ್ಟೆಯ ಮೇಲೆ ಸಣ್ಣ ಕಪ್ಪು ಚುಕ್ಕೆ ಕಾಣಿಸಿಕೊಂಡ ಕೂಡಲೇ ಅವನ್ನು ಕತ್ತಲೆಗೆ ಹಾಕುತ್ತಾರೆ. ಮೊಟ್ಟೆಯ ಸ್ಟ್ಯಾಂಡಿಗೆ ಕಪ್ಪು ಬಟ್ಟೆ, ಕಿಟಕಿಗೆ ಕಪ್ಪು ಕಾಗದ, ಬಾಗಿಲಿಗೆ ಕಂಬಳಿ. ಮುಂದೆ ಓಡುವ ಮೊಟ್ಟೆಯನ್ನು ಕತ್ತಲೆ ತಡೆದು ನಿಲ್ಲಿಸುತ್ತದೆ, ಹಿಂದೆ ಬಿದ್ದದ್ದು ಅಷ್ಟರಲ್ಲಿ ಬಂದು ಸೇರಿಕೊಳ್ಳುತ್ತದೆ. ಎರಡು ದಿನ ಕಳೆದು ಒಂದು ಬೆಳಿಗ್ಗೆ ಬಟ್ಟೆ ತೆಗೆದು ಬೆಳಕು ಬಿಟ್ಟರೆ ಹುಳುಗಳೆಲ್ಲ ಒಟ್ಟಿಗೆ ಹೊರಬರುತ್ತವೆ. ಒಟ್ಟಿಗೆ ಬಂದರೆ ಒಟ್ಟಿಗೆ ಉಣ್ಣುತ್ತವೆ, ಒಟ್ಟಿಗೆ ಜ್ವರಕ್ಕೆ ಕೂರುತ್ತವೆ, ರೈತನಿಗೆ ಸಾಕುವುದು ಸುಲಭ.

ಅಂಥ ಕೋಣೆಯ ಗೋಡೆಯ ಮೇಲೆ ನಾನು ಮೂವತ್ತೆರಡು ಇಂಚಿನ ಒಂದು ಬಿಳಿ ದೀಪ ಹಚ್ಚಿಟ್ಟು ಬಂದಿದ್ದೆ.

ಅಕ್ಕ ಏನು ಮಾಡಬೇಕು? ಸ್ಟ್ಯಾಂಡಿಗೆ ಹಾಕಿ ಮಿಕ್ಕ ಕಪ್ಪು ಬಟ್ಟೆಯನ್ನು ಮೊಳೆ ಹೊಡೆದು ಪರದೆಗೆ ಹೊದಿಸಿದರು. ಎರಡು ಸಲ ತುದಿ ಎತ್ತಿ ಇಣುಕಿದರಂತೆ. ಕತ್ತಲೆಗೆ ಒಗ್ಗಿದ ಕಣ್ಣಿಗೆ ಆ ಬಿಳಿ ರಪ್ಪನೆ ಹೊಡೆದು ಅಕ್ಷರವೇ ಕಾಣಲಿಲ್ಲವಂತೆ. ಮೊಟ್ಟೆಗೆ ಬೆಳಕು ಬೀಳುತ್ತದೆಂದು ಹೆದರಿ ಬಿಟ್ಟುಬಿಟ್ಟರು. ಎರಡನೇ ದಿನ ಮಧ್ಯಾಹ್ನ ತೇವ ಮಾಡುವ ಯಂತ್ರದ ಜಾಲರಿಗೆ ಬೋರ್‌ವೆಲ್ ನೀರಿನ ಉಪ್ಪು ಕಟ್ಟಿ ಮಂಜು ಬರುವುದು ನಿಂತಿತು. ಮೋಟಾರು ಮಾತ್ರ ಗುಂಯ್ ಅನ್ನುತ್ತಲೇ ಇತ್ತು, ಹಾಗಾಗಿ ಸದ್ದಿನಿಂದ ಏನೂ ತಿಳಿಯಲಿಲ್ಲ. ಗೋಡೆಗಿದ್ದ ಹಳೇ ತೇವದ ಮಾಪಕವನ್ನು ಸ್ಕ್ರೀನ್ ಬಂತಲ್ಲ ಅಂತ ಮಾಲೀಕರೇ ಬಿಚ್ಚಿಸಿ ಕಳಿಸಿದ್ದರು. ಕೂಗುವ ಬಜರ್ ಒಂದನ್ನು ನಾನು ಇಟ್ಟಿದ್ದೆ. ಕರೆಂಟು ಹೋಗಿ ಬಂದಾಗಲೆಲ್ಲ ಕೂಗುತ್ತದೆ ಅಂತ ಅದರ ವೈರನ್ನೂ ಅವರೇ ಕೀಳಿಸಿದ್ದರು. ಅವತ್ತು ಅವರು ಬಾಣಂತನ ಮುಗಿಸಿದ ಮಗಳನ್ನು ಗಂಡನ ಮನೆಗೆ ಬಿಡಲು ಹೋಗಿದ್ದರು, ಫೋನ್ ನೋಡಿರಲಿಲ್ಲ. ಸಂಜೆ ನೀರು ತುಂಬಲು ಹೋದಾಗಲೇ ಅಕ್ಕನಿಗೆ ಗೊತ್ತಾದದ್ದು, ಅಷ್ಟರಲ್ಲಿ ಮೂರು ಗಂಟೆಗೂ ಹೆಚ್ಚು ಹೊತ್ತು ಮೊಟ್ಟೆ ಒಣಗಾಳಿಯಲ್ಲಿತ್ತು.

ಬೆಳಕು ಬಿಟ್ಟ ಬೆಳಿಗ್ಗೆ ಅರ್ಧದಷ್ಟು ಹುಳು ಬಂದವು. ಮಿಕ್ಕವು ಎರಡು ದಿನ ಒಂದೊಂದಾಗಿ ಬರುತ್ತಲೇ ಇದ್ದವು. ಹುಳು ಬುಕ್ ಮಾಡಿದ್ದ ಪೆರೇಸಂದ್ರದ ರೈತರಿಬ್ಬರು ವಿಷಯ ತಿಳಿದು ಬಂದು, ಟ್ರೇ ನೋಡಿ, ಹುಳು ಬೇಡವೆಂದು ಹೊರಟುಹೋದರಂತೆ. ಮಾಲೀಕರಿಗೆ ಅದು ಬೈಗುಳಕ್ಕಿಂತ ಹೆಚ್ಚು ನಾಟಿತು.

ಫೋನಿನಲ್ಲಿ ಬಟ್ಟೆಯ ವಿಷಯ ಹೇಳಿ ನನ್ನನ್ನು ಕರೆಸಿದರು. ಅಂಗಳದಲ್ಲಿ ಅವರು ನಿಂತಿದ್ದರು, ಅಕ್ಕ ಕಂಬಕ್ಕೆ ಒರಗಿಕೊಂಡಿದ್ದರು.

"ನನಗೆ ಒಂದೇ ಮಾತ್ ಹೇಳಮ್ಮ. ನಿಮ್ ಸ್ಕ್ರೀನು ತೇವ ಇಳೀತಂತ ತೋರಿಸ್ತೋ ಇಲ್ವೋ? ತೋರಿಸ್ದೆ ಇದ್ರೆ ನಿಮ್ ತಪ್ಪು, ಬಿಚ್ಕೊಂಡ್ ಹೋಗಿ. ತೋರಿಸಿದ್ರೆ ಬಟ್ಟೆ ಮುಚ್ಚಿದ್ದು ಈಯಮ್ಮನ ತಪ್ಪು. ನಾಳೆಯಿಂದ ಸೊಪ್ಪು ಕತ್ತರಿಸ್ಲಿ, ಕೋಣೆಗೆ ಬೇರೆಯೋರ್ನ ಹಾಕ್ತೀನಿ."

ಉತ್ತರ ನನ್ನ ಚೀಲದಲ್ಲೇ ಇತ್ತು. ಆ ಮಧ್ಯಾಹ್ನದ ಸಾಲುಗಳನ್ನೆಲ್ಲ ಮುದ್ರಿಸಿಕೊಂಡು ಬಂದಿದ್ದೆ. ನಿಮಿಷಕ್ಕೊಂದರಂತೆ ಎಚ್ಚರಿಕೆ, ಒಂದೂ ತಪ್ಪಿಲ್ಲದೆ. ಆ ಹಾಳೆ ಕೊಟ್ಟರೆ ನನ್ನ ಹೆಸರು ಉಳಿಯುತ್ತಿತ್ತು. ಬರುವಾಗ ದಾರಿಯುದ್ದಕ್ಕೂ ಅದನ್ನು ಅವರ ಕೈಗೆ ಹೇಗೆ ಕೊಡಬೇಕು ಅಂತಲೇ ಯೋಚಿಸಿದ್ದೆ. ಆದರೆ ಅಂಗಳಕ್ಕೆ ಬರುವ ಮೊದಲು ಕೋಣೆಗೆ ಇಣುಕಿದ್ದೆ. ಪರದೆಯ ಸುತ್ತ ನಾಲ್ಕು ಮೊಳೆಗಳಿದ್ದವು. ಬಟ್ಟೆಯ ಅಂಚಿನಲ್ಲಿ ಒಂದು ಚೂರೂ ಬೆಳಕು ಸೋರದ ಹಾಗೆ ಮಡಿಸಿ ಹೊಡೆದಿದ್ದರು. ಕೆಲಸಗಳ್ಳರು ಅಷ್ಟು ಅಚ್ಚುಕಟ್ಟಾಗಿ ಮಡಿಸುವುದಿಲ್ಲ. ನಾಚಿಕೆ ಬಂದದ್ದು ಆಗ.

"ತೋರಿಸ್ತು ಸಾರ್," ಅಂದೆ. "ಆದ್ರೆ ಆ ಕೋಣೇಲಿ ಯಾರೂ ನೋಡೋ ಹಾಗಿರ್ಲಿಲ್ಲ. ಕತ್ತಲೆ ಕೋಣೆಗೆ ಬಿಳಿ ಪುಟ ಹಾಕಿದ್ದು ನಾನು. ಅಕ್ಕ ಮುಚ್ಚದೆ ಇದ್ದಿದ್ರೆ ಬೆಳಕಿಗೇ ಮೊಟ್ಟೆ ಕೆಡ್ತಿತ್ತು. ತಪ್ಪು ನಂದು."

ಬಜರಿನ ವೈರ್ ಕೀಳಿಸಿದ್ದು ಯಾರು ಅಂತ ಕೇಳಲು ನಾಲಿಗೆ ತುದಿಗೆ ಬಂದಿತ್ತು. ನುಂಗಿಕೊಂಡೆ.

ಮಾಲೀಕರು ಕರಗಲಿಲ್ಲ. "ನೀವಿಬ್ರೂ ಒಂದಾಗ್ಬಿಟ್ರಿ ಅನ್ನಿ," ಅಂದು ಅಕ್ಕನ ಕಡೆ ಕೈ ಚಾಚಿದರು. "ಬೀಗದಕೈ ಕೊಡಮ್ಮ. ಮುಂದಿನ ಮೊಟ್ಟೆ ಬರಕ್ಕೆ ಹನ್ನೆರಡ್ ದಿನ ಇದೆ. ಅದು ನೆಟ್ಟಗಾದ್ರೆ ನೋಡಣ." ಅಕ್ಕ ಸೆರಗಿನ ಗಂಟು ಬಿಚ್ಚಲು ಹೋದರು. ಹಳೇ ಗಂಟು, ಹಲ್ಲಿನಿಂದ ಕಚ್ಚಿ ಬಿಚ್ಚಬೇಕಾಯಿತು. ಅಷ್ಟು ಹೊತ್ತೂ ನಾನು ನೆಲ ನೋಡುತ್ತಾ ನಿಂತಿದ್ದೆ.

ಆ ಬೀಗದಕೈ ಅವರಿಗೆ ವಾಪಸು ಕೊಡಿಸದೆ ಬಿಡುವುದಿಲ್ಲ ಅಂತ ಅಲ್ಲೇ ತೀರ್ಮಾನ ಮಾಡಿದೆ.

ಮಾರನೇ ದಿನ ಹೋಗಿ, ಕೋಣೆಗೆ ಕಾಗದ ಕಂಬಳಿ ಎಲ್ಲ ಕಟ್ಟಿ ಕತ್ತಲೆ ಮಾಡಿಕೊಡಿ, ಒಳಗೆ ಕೂತೇ ಕೆಲಸ ಮಾಡುತ್ತೇನೆ ಅಂದೆ. ಮಾಲೀಕರು ಬೀಗ ತೆಗೆದರು. ಅಕ್ಕ ಬಾಗಿಲಲ್ಲೇ ನನ್ನನ್ನು ತಡೆದರು. ಮೊಟ್ಟೆಯಿಲ್ಲದಿದ್ದರೂ ಔಷಧಿ ನೀರಿನಲ್ಲಿ ಕಾಲು ತೊಳೆಸಿದರು, ಮುಡಿದಿದ್ದ ಮಲ್ಲಿಗೆ ತೆಗೆಸಿ ಹೊರಗಿಡಿಸಿದರು. "ವಾಸ್ನೆ ಆಗಲ್ಲ ಹುಳಕ್ಕೆ. ಇಲ್ದೆ ಇದ್ದಾಗ್ಲೂ ಅಭ್ಯಾಸ ಇರ್ಲಿ ಕಣಮ್ಮ."

ಮೇಡಂ ಹೋಗಿ ಕಣಮ್ಮ ಬಂದದ್ದು ನನಗೆ ಹಿತವಾಯಿತು.

ಕಪ್ಪು ಹಿನ್ನೆಲೆಗೆ ವಾಪಸು ಬಂದೆ. ಪರದೆಯ ಬೆಳಕನ್ನು ಆದಷ್ಟು ಇಳಿಸಿದೆ. ಸಾಕು ಅನ್ನಿಸಿತು. ಅಕ್ಕ ಕತ್ತಲೆಯಲ್ಲಿ ಕೈ ಮುಂದೆ ಚಾಚಿದರು. ಕೈತುಂಬ ಹಸಿರು ಗಾಜಿನ ಬಳೆ.

"ಬಳೆ ಹಸಿರು ಕಾಣ್ತಿದೆ ನೋಡು. ಬಳೆ ಬಣ್ಣ ಕಂಡ್ರೆ ಬೆಳಕು ಜಾಸ್ತಿ ಅಂತ ಲೆಕ್ಕ."

ಹದಿನೆಂಟು ವರ್ಷ ಅವರು ಕತ್ತಲೆಯನ್ನು ಅಳೆದದ್ದು ಹೀಗೆ. ನಿಜವೇ, ಅಂಥ ಪರದೆಯ ಕಪ್ಪು ಪೂರ್ತಿ ಕಪ್ಪಲ್ಲ. ಹಿಂದಿನ ದೀಪ ಆರುವುದಿಲ್ಲ, ಬೂದಿಬಣ್ಣದ ಬೆಳಕು ಸೋರುತ್ತಲೇ ಇರುತ್ತದೆ. ಪುಟದಲ್ಲಿ ಯಾವ ಬಣ್ಣ ಹಾಕಿದರೂ ಅದನ್ನು ನಿಲ್ಲಿಸಲಾಗುವುದಿಲ್ಲ. ಎರಡು ದಿನ ಒದ್ದಾಡಿದೆ. ಇನ್ನೂ ಇಳಿಸಿದರೆ ಅಕ್ಷರವೇ ಮಾಯ, ಏರಿಸಿದರೆ ಬಳೆ ಹಸಿರು.

"ಹಾಗಾದ್ರೆ ನೀವು ಒಳಗೆ ಹೇಗೆ ನೋಡ್ಕೋತೀರಿ ಅಕ್ಕ?" ಅಂತ ಕೇಳಿದ್ದು ಮೂರನೇ ದಿನ. ಮೊದಲ ದಿನವೇ ಕೇಳಬೇಕಿದ್ದ ಪ್ರಶ್ನೆ.

ಅವರು ಗೋಡೆಯ ಗೂಡಿನಿಂದ ಟಾರ್ಚ್ ತೆಗೆದರು. ಅದರ ಬಾಯಿಗೆ ಕೆಂಪು ಗ್ಲಾಸ್ ಪೇಪರ್ ಎರಡು ಪದರ ಸುತ್ತಿ ರಬ್ಬರ್ ಬ್ಯಾಂಡ್ ಹಾಕಿದ್ದರು. ಮಕ್ಕಳ ಸ್ಕೂಲ್ ಡೇಗೆ ಅಲಂಕಾರ ಮಾಡುತ್ತಾರಲ್ಲ, ಆ ಪೇಪರ್. "ಕೆಂಪು ಬೆಳಕು ಮೊಟ್ಟೆಗೆ ಗೊತ್ತಾಗಲ್ಲ ಅಂತ ನಮ್ಮತ್ತೆ ಹೇಳ್ಕೊಟ್ಟಿದ್ದು. ಹದಿನೆಂಟ್ ವರ್ಷಕ್ಕೆ ಒಂದ್ ಸಲಾನೂ ಕೆಟ್ಟಿಲ್ಲ."

ಅವತ್ತೇ ಚಿಂತಾಮಣಿಗೆ ಹೋಗಿ ಫ್ಯಾನ್ಸಿ ಸ್ಟೋರಿನಲ್ಲಿದ್ದ ಕೆಂಪು ಗ್ಲಾಸ್ ಪೇಪರ್ ಅಷ್ಟನ್ನೂ ತಂದೆ. ಎರಡು ಪದರ ಅಂಟಿಸಿ, ಪರದೆಯ ಮುಂದೆ ಅಕ್ಕನ ಅದೇ ಮೊಳೆಗಳಿಗೆ ತಗುಲಿಸಿದೆವು. ಬೂದಿ ಬೆಳಕು ನಿಂತಿತು. ಕೋಣೆಯಲ್ಲಿ ಮಂದ ಕೆಂಪು ಮಾತ್ರ ಉಳಿಯಿತು. ಗೆದ್ದೆ ಅಂದುಕೊಂಡು ಪುಟ ನೋಡಿದರೆ ಅದರ ತುಂಬ ತೂತುಗಳು. ಕೆಲವು ಸಾಲು ಇದೆ, ಕೆಲವು ಇಲ್ಲವೇ ಇಲ್ಲ. ಪ್ರೋಗ್ರಾಮ್ ನಿಂತಿತೇ ಅಂತ ಕಂಪ್ಯೂಟರ್ ಆರಿಸಿ ಹಾಕಿದೆ, ವೈರ್ ಅಲ್ಲಾಡಿಸಿದೆ. ಫೋನಿನಲ್ಲಿ ನೋಡಿದರೆ ಎಲ್ಲ ಸಾಲೂ ಇತ್ತು.

ಆಗ ಅಕ್ಕನ ಕೈ ಕಡೆ ನೋಡಿದೆ. ಕೆಂಪು ಬೆಳಕಿನಲ್ಲಿ ಅವರ ಹಸಿರು ಬಳೆಗಳು ಕರ್ರಗೆ ಕಾಣುತ್ತಿದ್ದವು.

ಪರದೆಯ ಪ್ರತಿ ಚುಕ್ಕೆಯಲ್ಲೂ ಕೆಂಪು, ಹಸಿರು, ನೀಲಿ ಎಂಬ ಮೂರು ಸಣ್ಣ ದೀಪಗಳಿರುತ್ತವೆ. ಕೆಂಪು ಪೇಪರ್ ಕೆಂಪನ್ನು ಮಾತ್ರ ಹೊರಗೆ ಬಿಡುತ್ತದೆ. ಸರಿಯಿದ್ದ ಸಾಲುಗಳ ಹಸಿರಿನಲ್ಲಿ ಕೆಂಪು ಎಳ್ಳಷ್ಟೂ ಇಲ್ಲ, ಹಾಗಾಗಿ ಅವು ಕಪ್ಪಿನಲ್ಲಿ ಕಪ್ಪಾಗಿ ಮುಳುಗಿದ್ದವು. ನಾನು ಮೂರು ದಿನ ನೆಚ್ಚಿಕೊಂಡು ಕೂತಿದ್ದ ಸೂತ್ರ ಹಸಿರಿಗೇ ಎಲ್ಲಕ್ಕಿಂತ ಹೆಚ್ಚು ತೂಕ ಕೊಡುತ್ತದೆ. ಈ ಕೋಣೆಯಲ್ಲಿ ಹಸಿರಿಗೆ ತೂಕವೇ ಇಲ್ಲ. ಕೆಂಪು, ಹಳದಿ, ಬಿಳಿ ಮೂರೂ ಒಂದೇ ಥರ ಹೊಳೆಯುತ್ತಿದ್ದವು. ಯಾವುದು ಎಚ್ಚರಿಕೆ, ಯಾವುದು ಅಪಾಯ ಅಂತ ಬಣ್ಣ ನೋಡಿ ಹೇಳುವುದು ಸಾಧ್ಯವಿರಲಿಲ್ಲ.

ನೆಲದ ಮೇಲೆ ಕೂತುಬಿಟ್ಟೆ. ಉಳಿದಿದ್ದು ಒಂಬತ್ತು ದಿನ. ಬಣ್ಣ ಆರಿಸುವ ಕೆಲಸಕ್ಕೆ ಬಂದವಳು, ಬಣ್ಣವೇ ಇಲ್ಲದ ಪುಟ ಬರೆಯಬೇಕು ಅನ್ನುವುದು ಅರಗಲು ಸ್ವಲ್ಪ ಹೊತ್ತು ಬೇಕಾಯಿತು. ಆಮೇಲೆ ಎದ್ದು ಬಣ್ಣಗಳ ಪಟ್ಟಿಯನ್ನೆಲ್ಲ ಅಳಿಸಿದೆ. ಆ ಕೋಣೆಗೆ ಬೇರೆ ಪುಟ ಅಂತ ನಿರ್ಧರಿಸಿದೆ. ಹಿನ್ನೆಲೆ ಅಚ್ಚ ಕಪ್ಪು, ಅಕ್ಷರ ಬಿಳಿ. ಎಚ್ಚರಿಕೆಯ ಸಾಲಿಗೆ ಮಾತ್ರ ಹಳದಿ ಪಟ್ಟಿ, ಅದರ ಮೇಲೆ ಕಪ್ಪು ಅಕ್ಷರ. ಹಳದಿಯಲ್ಲಿ ಕೆಂಪು ಪೂರ್ತಿ ಇರುವುದರಿಂದ ಪೇಪರಿನ ಹಿಂದೆ ಅದು ಹೊಳೆಯುವ ಪಟ್ಟಿಯಾಗಿ ಕಾಣುತ್ತದೆ, ಪೇಪರ್ ತೆಗೆದರೂ ಕೆಡುವುದಿಲ್ಲ. ಇಂಗ್ಲಿಷಿನ ಮಾತು ತೆಗೆದು ಕನ್ನಡದಲ್ಲಿ ಬರೆದೆ: ತೇವ ಕಡಿಮೆ, ಶಾಖ ಜಾಸ್ತಿ. ಅಕ್ಕ ಏಳನೇ ಕ್ಲಾಸು ಓದಿದವರು.

ಅವರನ್ನು ಮೂರು ಮಾರು ದೂರ ಕೂರಿಸಿ ಓದಿಸಿದೆ. ಮಂದ ಬೆಳಕಿಗೆ ಒತ್ತಕ್ಷರಗಳು ಕರಗಿ ಹೋಗುತ್ತಿದ್ದವು. ದಪ್ಪ ಅಕ್ಷರ ಹಾಕಿ, ನಲವತ್ತು ಸಾಲಿದ್ದ ಪುಟವನ್ನು ಎಂಟೇ ಸಾಲಿಗೆ ಇಳಿಸಿದೆ. ಬೇಕಂತಲೇ ತೇವ ಇಳಿಸಿ ನೋಡಿದಾಗ ಇನ್ನೊಂದು ಪೆಟ್ಟು. ನಿಮಿಷಕ್ಕೊಂದು ಎಚ್ಚರಿಕೆ ಬಂದು, ಎಂಟು ನಿಮಿಷದಲ್ಲಿ ಎಂಟೂ ಸಾಲು ಹೊಳೆಯುವ ಪಟ್ಟಿಗಳಾಗಿ ಪರದೆ ಕೆಂಪು ಕೆಂಡವಾಯಿತು. ಅಕ್ಕ ನಕ್ಕರು. "ನಿನ್ ಮಿಷನ್ನಿಗೆ ಒಂದ್ ಸಲ ಹೇಳಿ ಅಭ್ಯಾಸ ಇಲ್ವೇನಮ್ಮ?"

ಕಡೆಯ ಸಾಲಿಗೆ ಮಾತ್ರ ಪಟ್ಟಿ, ಹಳೆಯದಕ್ಕೆಲ್ಲ ಮುಂದೆ ಒಂದು ನಕ್ಷತ್ರದ ಗುರುತು ಮಾತ್ರ ಅಂತ ಬದಲಿಸಿದೆ. ಮತ್ತೆ ಇಳಿಸಿ ನೋಡಿದೆವು. ಕತ್ತಲೆಯಲ್ಲಿ ಒಂದೇ ಒಂದು ಪಟ್ಟಿ. ಅಕ್ಕ ಸ್ಟೂಲಿನ ಮೇಲೆ ಕೂತಲ್ಲಿಂದಲೇ ಒಂದೊಂದೇ ಅಕ್ಷರ ಕೂಡಿಸಿ ಓದಿದರು: "ತೇವ ಎಪ್ಪತ್ತೊಂದು. ಕಡಿಮೆ." ಆಮೇಲೆ ಕೈ ಚಾಚಿ ಬಳೆ ನೋಡಿಕೊಂಡರು. ಕರ್ರಗೇ ಇತ್ತು. ಖುಷಿಯಾದರೆ ಅವರಿಗೆ ತವರಿನ ತೆಲುಗು ಬರುತ್ತದೆ.

"ಇಪ್ಪುಡು ಕನಪಡ್ತಾ ಉಂದಿ!"

ಈಗ ಕಾಣ್ತಿದೆ ಅನ್ನುವ ಆ ಮಾತಿಗೆ ನನ್ನ ಕಣ್ಣು ತುಂಬಿತು. ಕತ್ತಲೆಯಲ್ಲಿ ಯಾರಿಗೂ ಕಾಣಲಿಲ್ಲ, ಸದ್ಯ.

ಮೊಟ್ಟೆ ಬಂತು. ಚುಕ್ಕೆ ಕಂಡಿತು, ಬಟ್ಟೆ ಕಟ್ಟಿದರು. ಮಾಲೀಕರು ಬೆಳಿಗ್ಗೆ ತಾವೇ ಬೀಗ ತೆಗೆಯುವರು, ಸಂಜೆ ತಾವೇ ಹಾಕುವರು. ಅಕ್ಕ ಅವರ ಕಣ್ಣೆದುರೇ ಒಳಗೆ ಹೊರಗೆ ಓಡಾಡಬೇಕು. ನನಗೆ ಗೌರಿಬಿದನೂರಿನಲ್ಲಿ ಬೇರೆ ಕೆಲಸವಿತ್ತು. ಎರಡನೇ ದಿನ ಮಧ್ಯಾಹ್ನ ಅಲ್ಲಿನ ಬಸ್ ಸ್ಟ್ಯಾಂಡಿನ ಉರಿಬಿಸಿಲಿನಲ್ಲಿ ನಿಂತು ಫೋನ್ ತೆಗೆದೆ. ಬಿಳಿ ಪುಟ, ಕಂದು ಅಕ್ಷರ. ತೇವ ಎಪ್ಪತ್ಮೂರು, ಕಡಿಮೆ.

ಮಾಲೀಕರ ನಂಬರ್ ತೆಗೆದು ಬೆರಳು ಅದರ ಮೇಲಿಟ್ಟೆ. ಒತ್ತಲಿಲ್ಲ. ನಾನು ಫೋನ್ ಮಾಡಿ ಎಚ್ಚರಿಸಿದರೆ ಪರದೆ ಕೆಲಸ ಮಾಡಿತೋ ಇಲ್ಲವೋ ಯಾರಿಗೂ ತಿಳಿಯುವುದಿಲ್ಲ. ಮಾಡದೆ ಮೊಟ್ಟೆ ಕೆಟ್ಟರೆ ಪಾಪ ನನ್ನ ತಲೆಗೆ. ಐದು ನಿಮಿಷ ಕಾಯುತ್ತೇನೆ, ಆರನೆಯದಕ್ಕೆ ಒತ್ತುತ್ತೇನೆ ಅಂದುಕೊಂಡೆ. ಎಪ್ಪತ್ಮೂರು. ಎಪ್ಪತ್ಮೂರು. ಎಪ್ಪತ್ತೆರಡು. ನನ್ನ ಬಸ್ಸು ಬಂತು, ಹತ್ತಲಿಲ್ಲ, ಹೋಯಿತು. ನಾಲ್ಕನೇ ನಿಮಿಷಕ್ಕೆ ಎಪ್ಪತ್ನಾಲ್ಕು. ಐದನೆಯದಕ್ಕೆ ಎಪ್ಪತ್ತೇಳು, ಸರಿ.

ಫೋನನ್ನು ಎದೆಗೆ ಒತ್ತಿಕೊಂಡು ಸಿಮೆಂಟ್ ಬೆಂಚಿನ ಮೇಲೆ ಕೂತೆ. ಪಕ್ಕದ ಅಜ್ಜಿ, "ಒಳ್ಳೆ ಸುದ್ದೀನಾ?" ಅಂದರು. ಹೂಂ ಅಂದೆ.

ಬೆಳಕು ಬಿಡುವ ಬೆಳಿಗ್ಗೆ ಮೊದಲ ಬಸ್ಸಿಗೇ ಹೋದೆ. ಕಾಲು ತೊಳೆದುಕೊಂಡು, ಹೂ ಮುಡಿಯದೆ. ಅಕ್ಕ ಕಿಟಕಿಯ ಕಾಗದ ಬಿಚ್ಚಿದರು, ಸ್ಟ್ಯಾಂಡಿನ ಬಟ್ಟೆ ತೆಗೆದರು, ಕೊನೆಗೆ ಪರದೆಯ ಕೆಂಪು ಪೇಪರನ್ನು ಮೊಳೆಯಿಂದ ಕಳಚಿದರು. ಬಿಸಿಲು ಬಿದ್ದು ಬಳೆಗಳು ಮತ್ತೆ ಹಸಿರಾದವು. ಸ್ವಲ್ಪ ಹೊತ್ತಿಗೆ ಮೊಟ್ಟೆಯ ಹಾಳೆಗಳ ಮೇಲೆ ಕಪ್ಪಗೆ ಸಣ್ಣಗೆ ಮಿಸುಕಾಟ ಶುರುವಾಯಿತು. ಈ ಹಾಳೆ, ಆ ಹಾಳೆ, ಕೆಳಗಿನ ಹಾಳೆ, ಎಲ್ಲದರ ಮೇಲೂ ಒಂದೇ ಸಲ.

ಮಾಲೀಕರು ಬಗ್ಗಿ ಹಾಳೆ ಹಾಳೆಯನ್ನೂ ನೋಡಿದರು. "ನಿನ್ನೆ ಮಧ್ಯಾಹ್ನ ತೇವ ಇಳಿದಿತ್ತಾ?" ಅಂದರು. ಕೇಳಿದ್ದು ನನ್ನನ್ನಲ್ಲ.

"ಎಪ್ಪತ್ತೆರಡಕ್ಕೆ ಬಂದಿತ್ತಣ್ಣ. ಜಾಲರಿಗೆ ಉಪ್ಪು ಕಟ್ಟಿತ್ತು. ತಿಕ್ಕಿ ಹಾಕ್ದೆ, ಏರ್ತು," ಅಂದರು ಅಕ್ಕ, ಗರಿಯಿಂದ ಹುಳು ಸರಿಸುತ್ತಾ.

"ನಾನು ಅಂಗಳದಲ್ಲೇ ಇದ್ದೆ. ನನಗ್ಯಾಕೆ ಹೇಳ್ಲಿಲ್ಲ?"

"ಹೇಳಕ್ಕೆ ಏನಿತ್ತಣ್ಣ? ಕಾಣ್ತು, ಮಾಡ್ದೆ."

ಮಾಲೀಕರು ಜೇಬಿಗೆ ಕೈ ಹಾಕಿದರು. ಬೀಗದಕೈ ತೆಗೆದು ಅಕ್ಕನ ಮುಂದೆ ಹಿಡಿದರು. ಅಕ್ಕ ಗರಿ ಕೆಳಗಿಟ್ಟು, ಕೈ ಒರೆಸಿಕೊಂಡು ತೆಗೆದುಕೊಂಡರು. ಸೆರಗಿನ ತುದಿಯಲ್ಲಿ ಒಂದು ಗಂಟು ಹಾಕಿದರು, ಅದರ ಮೇಲೆ ಇನ್ನೊಂದು. ಎಳೆದು ನೋಡಿದರು. ಆಮೇಲೆ ನಮ್ಮಿಬ್ಬರನ್ನೂ ಒಂದು ಸಲ ನೋಡಿದರು.

"ಇನ್ನು ಇಬ್ರೂ ಹೊರಗ್ ನಡೀರಿ. ಹುಳ ಟ್ರೇಗೆ ಇಳಿಸ್ಬೇಕು, ಕೋಣೇಲಿ ಜನ ಜಾಸ್ತಿ ಆಗ್ಬಾರ್ದು," ಅಂದು ಬಾಗಿಲು ಹಾಕಿಕೊಂಡರು.